ಅಮ್ಮ ಕೆಮ್ಮದ ಸೂಪು

ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಕಾಗದವೂ ಹಿಂದಿನವುಗಳ ಹಾಗೆ ಚೂರುಚೂರಾಗಿ ಕಸದ ಬುಟ್ಟಿ ಸೇರುತ್ತದೆ. ಹೋದ ವರ್ಷ ನೀನು ಬಂದಿದ್ದಾಗ ಅಮ್ಮನ ಬಟ್ಟಲಿನಿಂದ ಒಂದು ಚಮಚ ಕುಡಿದು, ಕಣ್ಣು ಮುಚ್ಚಿ, "ಮನೆ ಅಡುಗೆ ಅಂದ್ರೆ ಇದು" ಅಂದೆಯಲ್ಲ, ಆ ಕುಂಬಳಕಾಯಿ ಸೂಪು ಪ್ಯಾಕೆಟ್ಟಿನದು. ನಾನು ಮಾಡಿದ್ದಲ್ಲ. ಕತ್ತರಿಯಿಂದ ಮೂಲೆ ಕತ್ತರಿಸಿ, ಪಾತ್ರೆಗೆ ಸುರಿದು, ಬಿಸಿ ಮಾಡಿದ್ದು. ನನ್ನ ಕೈಗುಣ ಅಷ್ಟೇ.

ನೀನು ನೊಂದುಕೊಳ್ಳುವ ಇನ್ನೊಂದು ಮಾತನ್ನೂ ಈಗಲೇ ಬರೆಯುತ್ತೇನೆ. ನೀನು ಅಂದುಕೊಂಡಿರುವ ಹಾಗೆ ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿಲ್ಲ. ಒಂದು ತಿಂಗಳೂ ಅಲ್ಲಿರಲಿಲ್ಲ. ಶಾಲೆಯ ಬೆಂಚಿನ ಮೇಲೆ ಕೂರಲಾಗದವಳು ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತಾಳೆಯೇ? ಊರಾಚೆ ಒಂದು ಆಹಾರದ ಕಾರ್ಖಾನೆ ಇದೆ, ಅಲ್ಲಿ ಸೇರಿ ಎರಡು ವರ್ಷವಾಯಿತು. ಆ ಸೂಪು ತಯಾರಾಗುವುದು ಅಲ್ಲೇ. ನಾನು ಶಾಲೆಗೆ ಶರಣು ಹೊಡೆದು ಮನೆಗೆ ಬಂದ ದಿನ ನೀನು, "ಓದು ಬಿಟ್ರೆ ಪ್ಯಾಕೆಟ್ ಕಟ್ಟೋ ಕೆಲಸಾನೇ ಗತಿ ನಿಂಗೆ" ಅಂದಿದ್ದೆ. ನಿನ್ನ ಮಾತು ಅಷ್ಟು ಬೇಗ, ಅಷ್ಟು ಸರಿಯಾಗಿ ನಿಜವಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಯಾರು ಏನು ಕೇಳಿದರೂ ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವಳು ಅಂತ ನೀನೇ ನನ್ನನ್ನು ಬೈಯುತ್ತಿದ್ದೆ. ಇದರಲ್ಲಿ ನಾನು ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ, ಬಾಯಿ ಮುಚ್ಚಿಕೊಂಡು ಹೇಳಿದೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಭಾವ ಬೆಳಿಗ್ಗೆ ಬಂದಿಳಿದಿದ್ದಾರೆ. ನಾಳೆ ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುತ್ತಾರೆ. ನೀನು ಫೋನಿನಲ್ಲಿ, "ಇನ್ಮೇಲೆ ಅಮ್ಮ ನನ್ ಕಣ್ಣೆದುರು ಬೇಯಿಸಿದ್ದನ್ನೇ ತಿನ್ಲಿ, ನನ್ ಅಡುಗೆಮನೆಗೆ ಒಂದು ಪ್ಯಾಕೆಟ್ಟೂ ಬರಲ್ಲ" ಅಂದಾಗಿನಿಂದ ನನಗೆ ಒಂದು ತುತ್ತೂ ಇಳಿಯುತ್ತಿಲ್ಲ. ನನ್ನ ಗಂಟಲಿನ ಚಿಂತೆ ಬಿಡು, ಅದು ಗಟ್ಟಿಯಾಗಿದೆ. ಅಮ್ಮನ ಗಂಟಲಿಗೆ ಹೆದರಿ ಬರೆಯುತ್ತಿದ್ದೇನೆ. ನಿನ್ನ ಮನೆಯ ಮೊದಲ ಚಮಚ ಅಮ್ಮನ ಬಾಯಿಗೆ ಹೋಗುವ ಮುಂಚೆ ಇದನ್ನು ಪೂರ್ತಿ ಓದು. ನಡುವೆ ಸಿಟ್ಟು ಬಂದರೂ ಓದು.

ಅಮ್ಮನಿಗೆ ಲಕ್ವ ಹೊಡೆದ ಮೇಲೆ ಕೈಕಾಲು ನಿಧಾನಕ್ಕೆ ಹಿಡಿತಕ್ಕೆ ಬಂದವು, ಮಾತೂ ಒಂದೊಂದಾಗಿ ಬಂತು. ಗಂಟಲು ಮಾತ್ರ ಬರಲಿಲ್ಲ. ನಿನ್ನ ರಜೆ ಮುಗಿದು ನೀನು ಹೊರಟ ಮೇಲೆ, ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ನೀರಿನಂತೆ ತೆಳ್ಳಗಿರುವುದು ಅಮ್ಮನಿಗೆ ಅಪಾಯ. ಗಂಟಲು ಬಾಗಿಲು ಹಾಕಿಕೊಳ್ಳುವ ಮೊದಲೇ ಅದು ಓಡಿಹೋಗಿ ಶ್ವಾಸಕೋಶ ಸೇರುತ್ತದೆ. ಬಟಾಣಿ ಸಿಪ್ಪೆಯಷ್ಟು ಚೂರು ಇದ್ದರೂ ಅಪಾಯ. ಚಮಚವನ್ನು ಓರೆ ಮಾಡಿದರೆ ಒಂದೇ ಗುಪ್ಪೆಯಾಗಿ ಜಾರಬೇಕು, ಹನಿಯಬಾರದು. ಕುಡಿಯುವ ನೀರನ್ನು ಗಟ್ಟಿ ಮಾಡಲು ಒಂದು ಡಬ್ಬಿ ಪುಡಿ ಬರೆದುಕೊಟ್ಟರು. ಊಟವನ್ನು ನುಣ್ಣಗೆ ರುಬ್ಬಿ ಕೊಡು ಅಂದರು.

ನುಣ್ಣಗೆ ರುಬ್ಬಿ ಅಂದರೆ ಮುಗಿಯಿತೇ? ಬೇಯಿಸಿದೆ, ರುಬ್ಬಿದೆ, ಜರಡಿ ಹಿಡಿದೆ. ಒಂದು ದಿನ ಅಂಟಿನ ಹಾಗೆ, ಮರುದಿನ ಪಾತ್ರೆ ತೊಳೆದ ನೀರಿನ ಹಾಗೆ. ಸರಿಯಾಗಿ ಬಂತು ಅಂದುಕೊಂಡ ದಿನವೇ ಹೆಚ್ಚು ಮೋಸ. ಬಟ್ಟಲಿಗೆ ಹಾಕುವಾಗ ಗಟ್ಟಿಯಾಗಿ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ನೀರು ಬಿಡುತ್ತದೆ. ಅಮ್ಮ ತಿನ್ನುವುದು ನಿಧಾನ. ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಚಮಚಕ್ಕೆ ಆ ನೀರೇ ಮೊದಲು ಬರುತ್ತದೆ. ಅಮ್ಮ ಕೆಮ್ಮುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ, ನನ್ನ ಮಣಿಕಟ್ಟು ಹಿಡಿದುಕೊಂಡು "ಸಾಕು ಬಿಡೇ" ಅನ್ನುತ್ತಾಳೆ. ಹಸಿವಿದ್ದೂ ಸಾಕು ಅನ್ನುವುದನ್ನು ನೋಡುವುದು ಏನೆಂದು ನಿನಗೆ ಹೇಗೆ ಹೇಳಲಿ. ಆ ದಿನಗಳಲ್ಲಿ ಅವಳು ಎಷ್ಟು ಇಳಿದಿದ್ದಳೆಂದರೆ ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅಚ್ಚು ಸೊಟ್ಟಗಾದ ಪ್ಯಾಕೆಟ್ಟುಗಳನ್ನು ನಾವು ಮನೆಗೆ ಒಯ್ಯಬಹುದು. ಒಂದು ಸಂಜೆ ನನಗೇ ಹಸಿವಾಗಿ ಒಂದು ಬಿಸಿ ಮಾಡಿದೆ. ಅಮ್ಮ ನೋಡಿ, ನಂಗೂ ಅಂತ ಕೈ ಚಾಚಿದಳು. ಹೆದರಿಕೊಂಡೇ ಒಂದು ಚಮಚ ಕೊಟ್ಟೆ. ಇನ್ನೊಂದು ಕೊಟ್ಟೆ. ಬಟ್ಟಲು ಖಾಲಿಯಾಯಿತು, ಒಂದೇ ಒಂದು ಕೆಮ್ಮಿಲ್ಲ. "ಇನ್ನೂ ಇದ್ಯಾ?" ಅಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತುಬಿಟ್ಟೆ. ಆವತ್ತಿನಿಂದ ಅಮ್ಮನ ಎರಡು ಹೊತ್ತಿನ ಊಟ ಅದೇ.

ನೀನು ಬಂದು ರುಚಿ ನೋಡಿ ಹೊಗಳಿ, "ಹೇಗೆ ಮಾಡಿದ್ಯೇ?" ಅಂತ ಕೇಳಿದಾಗ ನಾನು ಹೇಳಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, ಒಂದೊಂದೇ ಪದ ಜೋಡಿಸಿ, "ಕುಂಬಳಕಾಯಿ... ಬೇಯಿಸಿ... ರುಬ್ಬಿದ್ದು" ಅಂದಳು. ಅಷ್ಟುದ್ದ ಮಾತು ಅವಳು ಆ ವಾರವೆಲ್ಲ ಆಡಿರಲಿಲ್ಲ. ಅಮ್ಮನಿಗೆ ನಾವಿಬ್ಬರೂ ಗೊತ್ತು. ನೀನು ಬೈಯುತ್ತೀಯ, ನಾನು ಎದುರು ಮಾತಾಡುತ್ತೇನೆ, ಯಾರಾದರೊಬ್ಬರು ಬಾಗಿಲು ದಬ್ಬಿಕೊಂಡು ಹೋಗುತ್ತೇವೆ. ಅದನ್ನು ತಪ್ಪಿಸಲು ಅವಳು ಸುಳ್ಳು ಹೇಳಿದಳು. ನಾನು ಅದಕ್ಕೆ ತಲೆಯಾಡಿಸಿದೆ.

ಆಮೇಲೆ ಇನ್ನೂ ಕಷ್ಟವಾಯಿತು. ನೀನು ಪಾಠ ಮಾಡುವ ಶಾಲೆಯ ಪೋಷಕರ ಸಭೆಯಲ್ಲಿ ನೀನು ನನ್ನ ಉದಾಹರಣೆ ಕೊಟ್ಟೆಯಂತೆ. "ಶಾಲೆ ಬಿಟ್ಟ ನನ್ ತಂಗಿ ಕೆಲಸಕ್ಕೂ ಹೋಗಿ, ಕಾಯಿಲೆ ತಾಯಿಗೆ ದಿನಾ ತಾಜಾ ಸೂಪ್ ಮಾಡ್ತಾಳೆ. ನಿಮಗೇನ್ರೀ ಕಷ್ಟ?" ಅಂದೆಯಂತೆ. ಅದನ್ನು ನೀನೇ ಫೋನಿನಲ್ಲಿ ಹೇಳಿ ನಕ್ಕೆ. ಊಟದ ಡಬ್ಬಿಯಲ್ಲಿ ಪ್ಯಾಕೆಟ್ಟಿನ ತಿಂಡಿ ತಂದ ಮಕ್ಕಳ ಮುಚ್ಚಳಕ್ಕೆ ಕೆಂಪು ಚುಕ್ಕಿ ಅಂಟಿಸುವ ಪದ್ಧತಿ ಶುರು ಮಾಡಿದ್ದನ್ನೂ ಆಗಲೇ ಹೇಳಿದೆ. ನಾಲ್ಕು ಜನರ ಮುಂದೆ ನನ್ನ ಬಗ್ಗೆ ನೀನು ಹೆಮ್ಮೆಯಿಂದ ಮಾತಾಡಿದ್ದು ಅದೇ ಮೊದಲು, ಅಕ್ಕ. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಹೋದ ತಿಂಗಳಿನದನ್ನು ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ನೀನು ಬಂದೆ. "ಇವತ್ತು ನೀನು ಸುಮ್ನೆ ಕೂತ್ಕೋ, ಅಮ್ಮನಿಗೆ ನಾನ್ ಮಾಡ್ತೀನಿ" ಅಂದೆ. ಸಂತೆಯಿಂದ ಕುಂಬಳಕಾಯಿ ಆರಿಸಿ ತಂದೆ, ಬೇಯಿಸಿದೆ, ರುಬ್ಬಿದೆ. ಘಮ ನಮ್ಮ ಪ್ಯಾಕೆಟ್ಟಿಗಿಂತ ಎಷ್ಟೋ ಚೆನ್ನಾಗಿತ್ತು, ಇದನ್ನು ಮುಲಾಜಿಗೆ ಹೇಳುತ್ತಿಲ್ಲ. ನೀನು ಬಟ್ಟಲು ಹಿಡಿದು ನನ್ನ ಮುಂದೆಯೇ ಹಾದುಹೋದೆ. ಅಂಚಿನಲ್ಲಿ ನೀರು ಬಿಟ್ಟಿದ್ದು ನನಗೆ ಕಾಣಿಸಿತು. ತಡಿ ಅನ್ನಬೇಕಿತ್ತು. ತಡಿ ಅಂದರೆ ಯಾಕೆ ಅನ್ನುತ್ತೀಯ, ಯಾಕೆ ಅಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೇಗೆ ಹೇಳಲಿ ಅಂತ ನಾನು ಯೋಚಿಸುತ್ತಿರುವಾಗಲೇ ಚಮಚ ಅಮ್ಮನ ಬಾಯಲ್ಲಿತ್ತು.

ಅಮ್ಮನ ತುಟಿ ನೀಲಿಯಾದದ್ದನ್ನು ನೀನೂ ನೋಡಿದೆ. ನೀನು ಕೂಗಿದ್ದು, ಕೆಳಮನೆಯ ಎಲೆಕ್ಟ್ರಿಷಿಯನ್ ಓಡಿ ಬಂದು ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದ್ದು, ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದ್ದು, ಅದೆಲ್ಲ ನಿನಗೆ ಗೊತ್ತು. ವರಾಂಡದ ಬೆಂಚಿನ ಮೇಲೆ ಕೂತು ನೀನು, "ಅಮ್ಮನ ಕಾಯಿಲೆ ಜಾಸ್ತಿ ಆಗಿದೆ ಕಣೇ. ಇನ್ನು ನಿನ್ನೊಬ್ಬಳ ಕೈಲಿ ಆಗಲ್ಲ. ನಾನ್ ಕರ್ಕೊಂಡು ಹೋಗ್ತೀನಿ" ಅಂದೆ. ಗೋಡೆಗೆ ಒರಗಿ ನಿಂತಿದ್ದ ನಾನು ಹೂಂ ಅಂದೆ.

ಕಾಯಿಲೆ ಜಾಸ್ತಿಯಾಗಿಲ್ಲ, ಅಕ್ಕ. ಸೂಪು ತೆಳ್ಳಗಿತ್ತು. ನಿನ್ನ ಕೈಯಲ್ಲಿ ತಪ್ಪಿಲ್ಲ. ಅಮ್ಮ ಇಷ್ಟು ದಿನ ಕೆಮ್ಮದೆ ತಿನ್ನುತ್ತಿದ್ದದ್ದು ಬರೀ ಕುಂಬಳಕಾಯಿ ಅಲ್ಲ ಅಂತ ಗೊತ್ತಿದ್ದ ನಾನು ಸುಮ್ಮನಿದ್ದದ್ದು ತಪ್ಪು.

ಅದರಲ್ಲಿ ಏನಿದೆ ಅಂತ ಕೇಳುತ್ತೀಯ. ಕುಂಬಳಕಾಯಿ, ಈರುಳ್ಳಿ, ಹಾಲಿನ ಪುಡಿ, ಎಣ್ಣೆ, ಉಪ್ಪು. ಕೊನೆಯಲ್ಲಿ ಕ್ಸಾಂಥನ್ ಗಮ್ ಅಂತ ಒಂದು. ನಿನ್ನ ತರಗತಿಯ ಗೋಡೆಯ ಮೇಲೆ "ಓದಲು ಬಾರದ ಹೆಸರಿದ್ದರೆ ಅದು ಊಟವಲ್ಲ" ಅಂತ ಬರೆಸಿದ್ದೀಯಂತೆ. ಈ ಹೆಸರು ನನಗೂ ಮೊದಲ ವಾರ ಓದಲು ಬರಲಿಲ್ಲ. ಅದೊಂದು ಗೋಂದಿನಂಥ ಪುಡಿ. ಇಡೀ ಸೂಪನ್ನು ಒಂದಾಗಿ ಹಿಡಿದಿಡುತ್ತದೆ, ನೀರು ಬಿಡಲು ಬಿಡುವುದಿಲ್ಲ. ಅಮ್ಮನ ನೀರಿಗೆ ಹಾಕಲು ಆಸ್ಪತ್ರೆಯವರು ಕೊಟ್ಟ ಡಬ್ಬಿಯನ್ನು ತಿರುಗಿಸಿ ನೋಡು, ಅಲ್ಲೂ ಅದೇ ಹೆಸರು. ಡಬ್ಬಿಯಲ್ಲಿದ್ದಾಗ ಔಷಧಿ, ಪ್ಯಾಕೆಟ್ಟಿನಲ್ಲಿದ್ದಾಗ ವಿಷ ಅಂದರೆ ಅದು ಯಾವ ನ್ಯಾಯ? ಹಾಗಾದರೆ ಮನೆಯ ಸೂಪಿಗೇ ಆ ಪುಡಿ ಹಾಕಬಹುದಿತ್ತಲ್ಲ ಅನ್ನುತ್ತೀಯ. ಈಚೆಗೆ ಹಾಕಿದ್ದೇನೆ. ಅದರ ಕಥೆ ಬೇರೆ.

ಕಾರ್ಖಾನೆಯಲ್ಲಿ ನನ್ನ ಕೆಲಸವೂ ಸೂಪು ತೆಳ್ಳಗಾಗಿಲ್ಲವೆಂದು ನೋಡುವುದೇ. ಅಂಗೈ ಅಗಲದ ಒಂದು ಉದ್ದನೆಯ ಉಕ್ಕಿನ ತೊಟ್ಟಿ, ಅದರ ತಳದಲ್ಲಿ ಗೆರೆಗಳು, ಒಂದು ತುದಿಗೆ ಪುಟ್ಟ ಬಾಗಿಲು. ಪ್ರತಿ ಕಡಾಯಿಯಿಂದ ಒಂದಿಷ್ಟು ಸೂಪು ತಂದು ಬಾಗಿಲ ಹಿಂದೆ ತುಂಬಿ, ಬಾಗಿಲು ಎತ್ತಿ, ಎಷ್ಟನೇ ಗೆರೆಗೆ ಹೋಗಿ ನಿಲ್ಲುತ್ತದೆಂದು ನೋಡುತ್ತೇನೆ. ಒಂದು ಗೆರೆ ಮುಂದೆ ಹೋದರೂ ಕಡಾಯಿಯನ್ನು ತಡೆಯುತ್ತೇನೆ. ಗಡಿಯಾರ ಮೇಡಂ ಅಂದರೆ ನಮ್ಮ ಮೇಲ್ವಿಚಾರಕಿ, ಮುಖಕ್ಕಿಂತ ಮೊದಲು ಕೈಗಡಿಯಾರ ನೋಡುವವರು. "ಒಂದು ಗೆರೆಗೆ ಪ್ರಾಣ ಹೋಗುತ್ತಾ?" ಅಂತ ರೇಗುತ್ತಾರೆ. ಹೋಗಬಹುದು ಅಂತ ನನಗೆ ಗೊತ್ತು, ಅವರಿಗೆ ಹೇಳುವುದಿಲ್ಲ.

ಸಂಬಳ ಕೊಡುತ್ತಾರೆಂದು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ಪ್ಯಾಕೆಟ್ಟಿನ ಮೇಲೆ ಬಳ್ಳಿಯಲ್ಲಿ ತೂಗುವ ಕುಂಬಳಕಾಯಿಯ ಚಿತ್ರವಿದೆ. ಕಾರ್ಖಾನೆಗೆ ಬರುವುದು ಚೀಲದಲ್ಲಿ ಹೆಪ್ಪುಗಟ್ಟಿ ಕಲ್ಲಾಗಿರುವ ತುಂಡುಗಳು. ಈ ಚಿತ್ರ ಸುಳ್ಳಲ್ಲವಾ ಅಂತ ಎಲ್ಲರೆದುರು ಕೇಳಿದ್ದಕ್ಕೆ ಗಡಿಯಾರ ಮೇಡಂ, "ನಿನ್ ನಾಲಿಗೇನ ಪ್ಯಾಕ್ ಮಾಡೋ ಮಷೀನು ಇನ್ನೂ ಬಂದಿಲ್ಲ ನೋಡು" ಅಂದರು. ಪಕ್ಕದ ಸಾಲಿನಲ್ಲಿ ಕ್ರೀಮ್ ಬಿಸ್ಕತ್ತು ಮಾಡುತ್ತಾರೆ. ಅದಕ್ಕೆ ಸುರಿಯುವ ಸಕ್ಕರೆಯನ್ನು ನೋಡಿದ ಮೇಲೆ ನಾನು ಅದನ್ನು ಮುಟ್ಟಿಲ್ಲ. ನಿನ್ನ ಮಗ ಗುಂಡನಿಗೆ ದಿನಾ ಅದನ್ನು ಕೊಟ್ಟರೆ ನಾನೇ ಬಂದು ಚುಕ್ಕಿ ಅಂಟಿಸುತ್ತೇನೆ. ಆದರೆ ಬಿಸ್ಕತ್ತಿಗೂ ಅದೇ ಚುಕ್ಕಿ, ಬ್ರೆಡ್ಡಿಗೂ ಅದೇ, ಹಾಲಿನ ಪುಡಿಗೂ ಅದೇ, ಅಮ್ಮನ ಸೂಪಿಗೂ ಅದೇ ಅಂದರೆ ಕಳ್ಳನನ್ನೂ ಕಾವಲುಗಾರನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಹಾಗೆ. ನಮ್ಮ ಕಾರ್ಖಾನೆಯಲ್ಲಿ ಕಳ್ಳರೇ ಜಾಸ್ತಿ, ಅದನ್ನೂ ಒಪ್ಪುತ್ತೇನೆ.

ಭಾವನಿಗೆ ಎಲ್ಲ ಗೊತ್ತಾಯಿತು. ನಾನು ಹೇಳಿದ್ದಲ್ಲ, ಚಹಾಕ್ಕೆ ಸಕ್ಕರೆ ಹುಡುಕುತ್ತ ಬೀರು ತೆಗೆದರು, ಪ್ಯಾಕೆಟ್ಟಿನ ಪೆಟ್ಟಿಗೆಗಳು ಕಂಡವು. "ಏನಮ್ಮಾ ಇದು, ಮನೇನಾ ಗೋಡೌನಾ?" ಅಂದರು. ಆಮೇಲೆ ನಗುತ್ತ, "ನಿಮ್ಮಕ್ಕ ನೋಡಿದ್ರೆ ಬೀರೂಗೇ ಚುಕ್ಕಿ ಅಂಟಿಸ್ತಾಳೆ. ನಮ್ಮನೇಲಿ ಚುಕ್ಕಿ ಬೀಳದೇ ಇರೋನು ನಾನೊಬ್ಬನೇ, ಅದೂ ಜೇಬಲ್ಲಿರೋ ಚಾಕಲೇಟು ಅವಳಿಗೆ ಕಾಣೋವರೆಗೆ" ಅಂದರು. ನಾನು ನಗಲಿಲ್ಲ. ಕೂರಿಸಿ ಎಲ್ಲ ಹೇಳಿದೆ. ಚಹಾ ಆರಿಹೋಯಿತು. ಭಾವ ಲೋಟ ಪಕ್ಕಕ್ಕಿಟ್ಟು, "ಇದನ್ನ ನಾನು ಹೇಳಲ್ಲ, ನೀನೇ ಹೇಳ್ಬೇಕು. ಅವತ್ತಿಂದ ಅವಳು ಸೂಪಿನ ಪಾತ್ರೆ ಒಲೆ ಮೇಲಿಟ್ಟು ಮತ್ತೆ ಇಳಿಸಿಬಿಡ್ತಾಳೆ. ಅಮ್ಮನ್ನ ನಾನೇ ಕೊಲ್ತಿದ್ದೆ ಅಂತಾಳೆ" ಅಂದರು.

ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲೇ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ ಅಂತ ಹೇಳಿದರೆ ಅದೂ ಸುಳ್ಳಾಗಬಹುದು. ಈಗಂತೂ ಬರೆಯುತ್ತಿದ್ದೇನೆ. ನೀನು ಅಮ್ಮನನ್ನು ಕೊಲ್ಲುತ್ತಿರಲಿಲ್ಲ. ಹಾಗೆ ಅಂದುಕೊಳ್ಳಬೇಕಾದವಳು ನಾನು.

ಅಮ್ಮ ಈಗ ಊಟ ಮುಗಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ತಿಂದ ತಕ್ಷಣ ಮಲಗಿಸಬೇಡ, ಕೂತೇ ತೂಕಡಿಸಲಿ. ತಿನ್ನುವಾಗ ಮಾತಾಡಿಸಬೇಡ. ಗುಂಡನಿಗೆ ಹೇಳು, ಅಜ್ಜಿ ತಿನ್ನುವಾಗ ಮುಖ ಸೊಟ್ಟ ಮಾಡಿ ನಗಿಸಬಾರದು. ನಿನ್ನ ಅಡುಗೆಯನ್ನೇ ಕೊಡುವುದಾದರೆ ಬಟ್ಟಲಿಗೆ ಹಾಕಿ ಹಾಗೇ ಇಡು, ನೀನು ಪಾತ್ರೆ ತೊಳೆದು ಬಾ, ಆಮೇಲೆ ಅಂಚು ನೋಡು. ಅಂಚಿನಲ್ಲಿ ನೀರಿನ ಗೆರೆ ಕಂಡರೆ ಒಂದು ಚಮಚವೂ ಬೇಡ. ಸದ್ಯಕ್ಕೆ ಸಾಕಾಗುವಷ್ಟು ಪ್ಯಾಕೆಟ್ಟುಗಳನ್ನು ಅಮ್ಮನ ಸೀರೆಗಳ ನಡುವೆ ಇಟ್ಟಿದ್ದೇನೆ. ನೋಡಿದ ಕೂಡಲೇ ಎಸೆಯಬೇಡ. ಹೋದ ವಾರ ಡಾಕ್ಟರು ನೋಡಿದರು, ಶ್ವಾಸಕೋಶ ಸ್ವಚ್ಛವಾಗಿದೆ ಅಂದರು. ಚಿಂತೆ ಬೇಡ.

ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಾನೊಬ್ಬಳೇ. ರಾತ್ರಿ ಪಾಳಿ ಕೇಳಿಕೊಳ್ಳುತ್ತೇನೆ. ದಿನಕ್ಕೊಂದು ಸಲ ಫೋನ್ ಮಾಡಿ, ಕೆಮ್ಮಿದಳಾ ಇಲ್ಲವಾ, ಅಷ್ಟು ಮಾತ್ರ ಹೇಳು. ನನ್ನ ಮೇಲೆ ಸಿಟ್ಟಿದ್ದರೂ ಅದನ್ನು ಹೇಳು.

ಇಂತಿ ನಿನ್ನ ತಂಗಿ,
ನೀನು ಕರೆಯುವ ಹಾಗೆ, ಗಡಿಬಿಡಿ

ತಾ.ಕ.: ಮಡಚಿ ಭಾವನ ಜೇಬಿಗೆ ಹಾಕಲು ಹೋದವಳು ಮತ್ತೆ ಬಿಚ್ಚಿದೆ. ಶ್ವಾಸಕೋಶದ ಬಗ್ಗೆ ಬರೆದೆ, ರಕ್ತದೊತ್ತಡದ ಬಗ್ಗೆ ಬರೆಯಲಿಲ್ಲ. ಅದು ಏರಿದೆ, ತುಂಬಾ ಏರಿದೆ. ಏನು ತಿನ್ನುತ್ತಾರೆ ಅಂತ ಡಾಕ್ಟರು ಕೇಳಿದರು. ಮನೆಯ ಸೂಪು ಅಂದೆ. ಉಪ್ಪು ಎಲ್ಲಿಂದಲೋ ಹೋಗುತ್ತಿದೆ, ಹೀಗೇ ಆದರೆ ಇನ್ನೊಮ್ಮೆ ಲಕ್ವ ಹೊಡೆಯಬಹುದು ಅಂದರು. ಎಲ್ಲಿಂದ ಅಂತ ನನಗೆ ಗೊತ್ತು. ಉಪ್ಪು ಎಷ್ಟೆಂದು ಪ್ಯಾಕೆಟ್ಟಿನ ಹಿಂದೆ ಅಚ್ಚಾಗಿದೆ, ಅದರ ಮೇಲೆ ಹೆಬ್ಬೆರಳಿಟ್ಟು ಮೂಲೆ ಕತ್ತರಿಸುತ್ತಿದ್ದೆ. ಗೋಂದಿನ ವಿಷಯದಲ್ಲಿ ನಿನ್ನ ಚುಕ್ಕಿ ತಪ್ಪು, ಉಪ್ಪಿನ ವಿಷಯದಲ್ಲಿ ಸರಿ. ಕೆಮ್ಮಿನಿಂದ ಉಳಿಸಲು ಹೋಗಿ ನಾನು ಅವಳನ್ನು ಇನ್ನೊಂದು ಲಕ್ವದ ಕಡೆಗೆ ದೂಡುತ್ತಿದ್ದೆ.

ಡಾಕ್ಟರಲ್ಲಿಗೆ ಹೋಗಿಬಂದ ಮೇಲೆ ಉಪ್ಪಿಲ್ಲದೆ ಕುಂಬಳಕಾಯಿ ಬೇಯಿಸಿ, ಆಸ್ಪತ್ರೆಯ ಪುಡಿ ಬೆರೆಸಿ ಮಾಡಿದೆ. ಕೆಲವು ಸಲ ಗಂಟು ಕಟ್ಟಿತು. ಮೊನ್ನೆ ಸರಿಯಾಗಿ ಬಂತು, ಅಂಚಿನಲ್ಲಿ ಒಂದು ಹನಿ ನೀರಿಲ್ಲ. ಅಮ್ಮ ಒಂದು ಚಮಚ ತಿಂದು ಬಟ್ಟಲು ದೂಡಿದಳು. "ಇದು ಆಸ್ಪತ್ರೆ ಊಟ. ನಿನ್ ಸೂಪು ಕೊಡು" ಅಂದಳು. ನನ್ನ ಮಾತು ಅವಳು ಕೇಳುವುದಿಲ್ಲ, ಕೊಟ್ಟುಬಿಟ್ಟೆ. ನಿನ್ನ ಮಾತು ಕೇಳುತ್ತಾಳೆ, ಮೊದಲಿಂದಲೂ ಕೇಳುತ್ತಾಳೆ. ಹದ ಮಾತ್ರ ಕಾಗದದಲ್ಲಿ ಬರೆದು ಕೊಡಲು ಬರುವುದಿಲ್ಲ, ನಾನೇ ಪಕ್ಕದಲ್ಲಿ ನಿಲ್ಲಬೇಕು.

ಅಮ್ಮನ ಜೊತೆ ಬರಲು ರಜೆ ಬೇಕೆಂದು ಗಡಿಯಾರ ಮೇಡಮ್ಮಿಗೆ ಫೋನ್ ಮಾಡಿದೆ. ಹಿಂದಿರುಗಿ ಬಂದಾಗ ಕೆಲಸ ಇರುತ್ತದೆಂದು ಮಾತು ಕೊಡಲಾಗುವುದಿಲ್ಲ ಅಂದರು. ಸರಿ ಅಂದೆ. ಭಾವ ಇನ್ನೊಂದು ಸೀಟು ಕೇಳಲು ಬಸ್ ನಿಲ್ದಾಣಕ್ಕೆ ಹೋಗಿದ್ದರು, ಈಗ ಬಂದರು, ಸಿಕ್ಕಿದೆಯಂತೆ. ನಿನ್ನ ಮುಖ ನೋಡಿದರೆ ಇದನ್ನೆಲ್ಲ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಇದನ್ನು ಬಾಗಿಲಲ್ಲೇ ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು.

ನಾಳೆ ಬೆಳಗಿನ ಬಸ್ಸಿಗೆ ಮೂವರೂ ಹೊರಡುತ್ತೇವೆ.